ಸಿದ್ಧ ಉಡುಪಿನ ವಿದ್ಯೆಯೂ ನಮ್ಮ ಹೆಣ್ಣು ಮಕ್ಕಳೂ

ಹೆಣ್ಣು ಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹೊಲಿಗೆಯ ವಿಷಯವಾಗಿ ಒಂದು ಲೇಖನವಿರುವುದು ಹೊಸ ಸಂಗತಿಯಲ್ಲ. ಮಿಷನ್ ಶಾಲೆಗಳಲ್ಲಿ ಓದು, ಬರಹ, ಲೆಕ್ಕ ಇವುಗಳ ಜೊತೆಯಲ್ಲಿಯೇ ಸೂಜಿದಾರವೂ ಹುಡುಗಿಯರ ಕೈಗೆ ಬಂದಿತು. ಆದರೆ ಈ ಸಲ ನಾವು ಬರೆಯಹೊರಟಿರುವುದು ಬಿಡುವಿನ ವೇಳೆಯಲ್ಲಿ ಕರವಸ್ತ್ರದ ಅಂಚಿಗೆ ಹೂ ತೆಗೆಯುವ ಹೊಲಿಗೆಯನ್ನು ಕುರಿತಲ್ಲ. ಗಣಕಯಂತ್ರದ ಸಹಾಯದಿಂದ ಉಡುಪನ್ನು ರೂಪಿಸಿ, ಅದನ್ನು ಸಾವಿರಗಟ್ಟಲೆ ತಯಾರಿಸುವ ವಿದ್ಯೆಯನ್ನು ವಿಶ್ವವಿದ್ಯಾನಿಲಯದಲ್ಲಿ ನಮ್ಮ ಹುಡುಗಿಯರು ಕಲಿಯಬಹುದೇ, ಕಲಿತರೆ ಹೇಗೆ ಕಲಿಯಬೇಕು, ಕಲಿತ ಮೇಲೆ ಅದನ್ನು ಯಾರಿಗಾಗಿ ಉಪಯೋಗಿಸಬೇಕು ಎಂಬ ಪ್ರಶ್ನೆಗಳ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ತಾಯಿತಂದೆಗಳ ಮುಂದೆ ಇಡಬೇಕೆಂದು ಈ ಪುಟಗಳನ್ನು ಉಪಯೋಗಿಸಿಕೊಳ್ಳುತ್ತಿದ್ದೇವೆ.

ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಲೆಕ್ಕದಲ್ಲಿ ಚುರುಕಾದವಳು, ಹೊಲಿಗೆಯಲ್ಲಿ ಅಚ್ಚುಕಟ್ಟಾದ ಕೈಯುಳ್ಳವಳು, ತಾನು ಮುಂದೆ ವಿಜ್ಞಾನವನ್ನು ತೆಗೆದುಕೊಂಡು ಉಡುಪು ತಯಾರಿಕೆಯ ಪದವಿಗೆ ಸೇರುವೆನೆಂದು ಮನೆಯಲ್ಲಿ ಹೇಳಿದಳಂತೆ. ಎರಡು ದಿನ ಕಳೆದು ಅವಳ ತಾಯಿ ನಮ್ಮ ಕೋಣೆಗೆ ಬಂದರು. ಆಕೆ ಪ್ರತಿದಿನವೂ ನಸುಕಿನಲ್ಲಿ ಕಾರ್ಖಾನೆಯ ಬಸ್ಸನ್ನು ಹತ್ತಿ ಗಾರ್ಮೆಂಟ್ಸಿಗೆ ಹೋಗುವವರು. ಅಂದು ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದಿದ್ದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳದೆ ಹೇಳಿದರು: “ಮೇಡಂ, ನಾನು ಹನ್ನೆರಡು ವರ್ಷದಿಂದ ಕಾಲರು ಒಂದನ್ನೇ ಹೊಲಿಯುತ್ತಾ ಇದ್ದೀನಿ. ಪೂರ್ತಿ ಒಂದು ಶರ್ಟು ಹೊಲಿ ಅಂದರೆ ನನಗೆ ಬರೋದಿಲ್ಲ. ಓದು ಕಲಿಯಲಿ ಅಂತ ಮಗಳನ್ನು ನಿಮ್ಮ ಹತ್ತಿರ ಹಾಕಿದೆ. ಓದಿ ಓದಿ ಅವಳೂ ಅಲ್ಲಿಗೇ ಬರಬೇಕಾ?”

ನಾವು ತಕ್ಷಣ ಉತ್ತರ ಹೇಳಲಾರದೆ ಹೋದೆವು. ಏಕೆಂದರೆ ಕೆಲವು ವರ್ಷಗಳ ಕೆಳಗೆ ಇಂಥದೇ ಆಸೆಯಿಂದ ನಮ್ಮ ಬಳಿಗೆ ಬಂದ ಮತ್ತೊಬ್ಬ ಹುಡುಗಿಗೆ ನಾವೇ ಬೇಡವೆಂದು ಹೇಳಿದ್ದೆವು. “ಇಷ್ಟು ಲೆಕ್ಕ ಬರುವವಳು ಬಟ್ಟೆಯ ಹಿಂದೆ ಹೋಗುವುದೇ? ವಾಣಿಜ್ಯವನ್ನು ಓದು, ಬ್ಯಾಂಕಿನ ಕೆಲಸ ಸಿಕ್ಕೀತು” ಎಂದು ನಾವು ಹೇಳಿದ ಮಾತು ಈಗಲೂ ನೆನಪಿದೆ. ಅವಳು ನಮ್ಮ ಮಾತನ್ನು ಕೇಳಿದಳು. ಇಂದು ಒಂದು ಕಛೇರಿಯಲ್ಲಿ ಗುಮಾಸ್ತೆಯಾಗಿ ನೆಮ್ಮದಿಯಿಂದಿದ್ದಾಳೆ. ಆದರೂ ಈಚೆಗೆ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಸಿಕ್ಕಾಗ, “ಮಿಸ್, ನೀವು ಅವತ್ತು ಹೋಗು ಅಂದಿದ್ದರೆ ಹೋಗುತ್ತಿದ್ದೆ” ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ. ನಾವು ಆ ವಿದ್ಯೆ ಏನೆಂಬುದನ್ನು ವಿಚಾರಿಸದೆಯೇ ತೀರ್ಪು ಹೇಳಿದ್ದೆವು. ಈ ಸಲ ಹಾಗಾಗಬಾರದೆಂದು, ತಾಯಿಗೆ ಒಂದು ತಿಂಗಳ ಅವಕಾಶವನ್ನು ಕೇಳಿ, ತಿಳಿದವರಲ್ಲಿ ವಿಚಾರಿಸಿದೆವು, ಪಾಠಕ್ರಮಗಳನ್ನು ಓದಿದೆವು. ತಿಳಿದುಕೊಂಡುದನ್ನು ಇಲ್ಲಿ ಹೇಳುತ್ತೇವೆ.

ಮೊದಲು, ಈ ವಿದ್ಯೆ ಯಾವುದು? ನಮ್ಮ ಬೀದಿಯ ದರ್ಜಿಯು ಒಬ್ಬನ ಮೈಯಳತೆಯನ್ನು ತೆಗೆದು, ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಸಿ ಹೊಲಿಯುತ್ತಾನೆ. ಒಂದೇ ಅಂಗಿಯನ್ನು ಐವತ್ತು ಸಾವಿರ ಜನರಿಗೆ ಹೊಲಿಯಬೇಕಾದರೆ ಈ ಕ್ರಮ ಸಾಗದು. 1846ರಲ್ಲಿ ಅಮೆರಿಕೆಯ ಇಲಿಯಾಸ್ ಹೋವೆ ಎಂಬಾತನು ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದ ತರುವಾಯ ಹೊಲಿಗೆಯು ಬೇಗವಾಯಿತು. 1863ರಲ್ಲಿ ಅದೇ ದೇಶದ ಎಬೆನೀಜರ್ ಬಟರಿಕ್ ಎಂಬ ದರ್ಜಿಯು ಬೇರೆಬೇರೆ ಅಳತೆಗಳ ಕಾಗದದ ನಮೂನೆಗಳನ್ನು ಅಚ್ಚುಕಟ್ಟಾಗಿ ಮಾಡಿ ಮಾರಲಾರಂಭಿಸಿದ ಮೇಲೆ ಅಳತೆಯೂ ಒಂದು ಕ್ರಮಕ್ಕೆ ಬಂದಿತು. ಇಂದು ಈ ಕಾಗದದ ನಮೂನೆಯ ಸ್ಥಾನದಲ್ಲಿ ಗಣಕಯಂತ್ರದ ಪರದೆ ಬಂದಿದೆ. ನಮೂನೆಯನ್ನು ಪರದೆಯ ಮೇಲೆ ಬರೆಯುತ್ತಾರೆ. ಒಂದು ಅಳತೆಯ ನಮೂನೆಯಿಂದ ಚಿಕ್ಕದು, ದೊಡ್ಡದು, ಅತಿ ದೊಡ್ಡದು ಎಂಬ ಇತರ ಅಳತೆಗಳನ್ನು ನಿಯಮಾನುಸಾರ ಹಿಗ್ಗಿಸಿ ಕುಗ್ಗಿಸಿ ಪಡೆಯುತ್ತಾರೆ; ಇದಕ್ಕೆ ಗ್ರೇಡಿಂಗ್ ಎಂದು ಹೆಸರು. ಆಮೇಲೆ ತೋಳು, ಬೆನ್ನು, ಎದೆ, ಕಾಲರು ಮುಂತಾದ ಎಲ್ಲಾ ತುಂಡುಗಳನ್ನೂ ಬಟ್ಟೆಯ ಅಗಲದೊಳಗೆ ಆದಷ್ಟು ಒತ್ತಾಗಿ ಹೊಂದಿಸುತ್ತಾರೆ, ಇದು ಮಾರ್ಕರ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಯಂತ್ರಕ್ಕೆ ಕಲಿಸಿದಂತೆ ಎಂದು ತಿಳಿಯಬಹುದು. ಕಡೆಗೆ, ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಗಾಳಿ ಎಳೆದು ಅಲುಗದಂತೆ ಹಿಡಿದಿರಲು, ಗಣಕಯಂತ್ರದ ಆಜ್ಞೆಯಂತೆ ನಡೆಯುವ ಅಲಗು ಅದನ್ನು ಕತ್ತರಿಸುತ್ತದೆ.

ಇವು ನಿನ್ನೆ ಮೊನ್ನೆಯ ಸಂಗತಿಗಳಲ್ಲ. ವಿಯೆನ್ನಾದಲ್ಲಿ ಹುಟ್ಟಿ, ನಾತ್ಸಿಗಳ ಹಿಂಸೆಯಿಂದ ತಪ್ಪಿಸಿಕೊಂಡು ಅಮೆರಿಕೆಗೆ ಬಂದ ಜೋಸೆಫ್ ಗರ್ಬರ್ ಎಂಬಾತನು ಬಟ್ಟೆಯನ್ನು ಕತ್ತರಿಸುವ ಇಂಥ ಯಂತ್ರವನ್ನು 1960ರ ದಶಕದ ಕೊನೆಯಲ್ಲಿ ನಿರ್ಮಿಸಿದನು. ಫ್ರಾನ್ಸಿನಲ್ಲಿ ಲೆಕ್ಟ್ರಾ ಎಂಬ ಸಂಸ್ಥೆ 1973ರಲ್ಲಿ ಆರಂಭವಾಯಿತು. ಜಪಾನಿನ ಶಿಮಾ ಸೇಕಿ ಸಂಸ್ಥೆಯವರು 1995ರಲ್ಲಿ ಎಲ್ಲಿಯೂ ಹೊಲಿಗೆಯಿಲ್ಲದೆ ಇಡೀ ಉಣ್ಣೆಯಂಗಿಯನ್ನು ಒಂದೇ ಸಲ ಹೆಣೆದು ಮುಗಿಸುವ ಯಂತ್ರವನ್ನು ತೋರಿಸಿದರು. 2009ರಲ್ಲಿ ದಕ್ಷಿಣ ಕೊರಿಯಾದಲ್ಲಿ ಪ್ರಾರಂಭವಾದ ಕ್ಲೋ ಎಂಬ ಸಂಸ್ಥೆಯ ತಂತ್ರಾಂಶವು, ಬಟ್ಟೆಯ ತೂಕ, ದಪ್ಪ, ಹಿಗ್ಗು, ಬಾಗು ಇವುಗಳನ್ನು ಅಳೆದು ಕೊಟ್ಟರೆ, ಇನ್ನೂ ಕತ್ತರಿಯನ್ನೇ ಕಾಣದ ಉಡುಪನ್ನು ಪರದೆಯ ಮೇಲಿನ ಗೊಂಬೆಗೆ ತೊಡಿಸಿ ಅದರ ನಿರಿಗೆ ಹೇಗೆ ಬೀಳುವುದೆಂದು ತೋರಿಸುತ್ತದೆ. ಹಿಂದೆ ಒಂದು ಮಾದರಿಯ ಅಂಗಿಯನ್ನು ಹೊಲಿದು ಕಡಲಾಚೆಯ ವರ್ತಕನಿಗೆ ವಿಮಾನದಲ್ಲಿ ಕಳುಹಿಸಿ, ಅವನು ತಿದ್ದಿ ಹಿಂದಿರುಗಿಸಿ, ಮತ್ತೆ ಹೊಲಿದು ಕಳುಹಿಸುತ್ತಿದ್ದ ತೊಡಕು ಇದರಿಂದ ಎಷ್ಟೋ ಕಡಮೆಯಾಗುತ್ತದೆ.

“ದರ್ಜಿಯ ಕೆಲಸಕ್ಕೆ ವಿಶ್ವವಿದ್ಯಾನಿಲಯವೇಕೆ?” ಎಂದು ಕೇಳುವವರಿಗೆ ನಮ್ಮ ಲೆಕ್ಕದ ತರಗತಿಯಿಂದಲೇ ಒಂದು ಉತ್ತರವನ್ನು ಕೊಡುತ್ತೇವೆ. ಒಂದು ಶರ್ಟಿಗೆ ಒಂದೂವರೆ ಮೀಟರು ಬಟ್ಟೆ ಬೇಕೆಂದಿಟ್ಟುಕೊಳ್ಳಿರಿ. 50,000 ಶರ್ಟುಗಳಿಗೆ 75,000 ಮೀಟರು ಬೇಕಾಯಿತು. ತುಂಡುಗಳನ್ನು ಇನ್ನೂ ಜಾಣತನದಿಂದ ಹೊಂದಿಸಿ ನೂರಕ್ಕೆ ಎರಡರಷ್ಟು ಬಟ್ಟೆಯನ್ನು ಉಳಿಸಿದರೆ, ಉಳಿದ ಬಟ್ಟೆ 1,500 ಮೀಟರು; ಅದು 1,000 ಶರ್ಟುಗಳಿಗೆ ಸಾಕು. ಸಿದ್ಧ ಉಡುಪಿನ ವೆಚ್ಚದಲ್ಲಿ ಬಟ್ಟೆಯ ಪಾಲೇ ದೊಡ್ಡದು. ಅಷ್ಟು ಬಟ್ಟೆಯ ಹಿಂದೆ ಎಷ್ಟು ಹತ್ತಿ, ಎಷ್ಟು ನೀರು, ಎಷ್ಟು ಬಣ್ಣ ಇರುವುದೆಂಬುದನ್ನು ಯೋಚಿಸಿದರೆ, ಇದು ಕೇವಲ ಧಣಿಯ ಲಾಭದ ಮಾತಲ್ಲವೆಂಬುದೂ ತಿಳಿಯುತ್ತದೆ. ಇಂಥ ಕೆಲಸಕ್ಕೆ ರೇಖಾಗಣಿತ ಬೇಕು, ಸಂಖ್ಯಾಶಾಸ್ತ್ರ ಬೇಕು, ನೂಲಿನ ಗುಣವನ್ನರಿಯಲು ರಸಾಯನವೂ ಭೌತಶಾಸ್ತ್ರವೂ ಬೇಕು. ಇವೆಲ್ಲವನ್ನೂ ಕೂಡಿಸಿ ಕಲಿಸುವುದಕ್ಕೆ ವಿಶ್ವವಿದ್ಯಾನಿಲಯವಲ್ಲದೆ ಮತ್ತಾವ ಸ್ಥಳವಿದೆ?

ಇನ್ನು ಕೆಲವರು, ಗಣಕಯಂತ್ರವು ಗಂಡುಮಕ್ಕಳ ವಿದ್ಯೆ, ಸೂಜಿಯು ಹೆಣ್ಣುಮಕ್ಕಳ ವಿದ್ಯೆ ಎಂದು ತಿಳಿದಿದ್ದಾರೆ. ಚರಿತ್ರೆಯನ್ನು ನೋಡಿದರೆ ಇವೆರಡೂ ಒಂದೇ ಮಗ್ಗದಿಂದ ಬಂದವು. ಫ್ರಾನ್ಸಿನ ಲಿಯಾನ್ ಪಟ್ಟಣದ ಜಕಾರ್ಡ್ ಎಂಬಾತನು 19ನೆಯ ಶತಮಾನದ ಆರಂಭದಲ್ಲಿ, ತೂತು ಕೊರೆದ ರಟ್ಟುಗಳ ಸಾಲಿನಿಂದ ಮಗ್ಗದ ಎಳೆಗಳನ್ನು ನಡೆಸುವ ಉಪಾಯವನ್ನು ಪ್ರಸಿದ್ಧಿಗೆ ತಂದನು. ತೂತಿದ್ದರೆ ಎಳೆ ಏಳುವುದು, ಇಲ್ಲದಿದ್ದರೆ ಏಳದು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರವನ್ನು ನಡೆಸಲು ಈ ರಟ್ಟುಗಳನ್ನೇ ಉಪಯೋಗಿಸಲು ಯೋಚಿಸಿದನು. ಆ ಯಂತ್ರವು ಏನೇನನ್ನು ಮಾಡಬಲ್ಲದೆಂದು 1843ರಲ್ಲಿ ವಿವರವಾದ ಟಿಪ್ಪಣಿಗಳನ್ನು ಬರೆದು ಜಗತ್ತಿಗೆ ತಿಳಿಸಿದವಳು ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು. ಅಷ್ಟು ದೂರಕ್ಕೆ ಹೋಗುವುದೇಕೆ? ನಮ್ಮ ಧಾರವಾಡ ಸೀಮೆಯ ಕಸೂತಿಯನ್ನು ನೋಡಿರಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರವನ್ನೂ ತೇರನ್ನೂ ಆನೆಯನ್ನೂ ಬರೆಯುವ ನಮ್ಮ ಅಜ್ಜಿಯರು ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುತ್ತಿರಲಿಲ್ಲ. ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕುತ್ತಿದ್ದರು. ಗಣಕಯಂತ್ರದ ಪರದೆಯ ಮೇಲಿನ ಚಿತ್ರವಾದರೂ ಎಣಿಸಿಟ್ಟ ಚುಕ್ಕಿಗಳ ಸಾಲೇ ಅಲ್ಲವೇ? ಎಣಿಕೆ ನಮ್ಮ ಹೆಣ್ಣು ಮಕ್ಕಳ ಬೆರಳಿಗೆ ಹೊಸದಲ್ಲ.

ಮತ್ತೊಂದು ಆಕ್ಷೇಪಣೆ ನಮ್ಮಂಥ ಶಾಲೆಗಳಲ್ಲಿ ವಿಶೇಷವಾಗಿ ಕೇಳಿಬರುವುದು: ಫ್ಯಾಷನ್ ಎಂಬುದು ಬೆಡಗು, ಬೆಡಗನ್ನು ಕಲಿಸುವುದು ವಿದ್ಯೆಯೇ ಎಂಬುದು. ಬೆಡಗಿಗಾಗಿ ಬೆಡಗನ್ನು ನಾವು ಹೊಗಳಲಾರೆವು. ಒಂದು ತಿಂಗಳು ತೊಟ್ಟು ಎಸೆಯುವ ಅಗ್ಗದ ಉಡುಪುಗಳ ರಾಶಿ ಭೂಮಿಗೆ ಭಾರವಾಗುತ್ತಿರುವುದನ್ನು ನಾವೂ ಬಲ್ಲೆವು. ಆದರೆ ಉಡುಪಿನ ವಿದ್ಯೆ ಅಷ್ಟರಲ್ಲಿಯೇ ಮುಗಿಯಲಿಲ್ಲ. 2020ರ ವಸಂತದಲ್ಲಿ ಕೋವಿಡ್ ರೋಗ ಹರಡಿದಾಗ ವೈದ್ಯರಿಗೂ ದಾದಿಯರಿಗೂ ಮೈ ಮುಚ್ಚುವ ರಕ್ಷಣೆಯ ಉಡುಪು ಸಾಲದೆ ಹೋಯಿತು. ಆಗ ಕೆಲವೇ ವಾರಗಳಲ್ಲಿ ಈ ದೇಶದ ಉಡುಪು ಕಾರ್ಖಾನೆಗಳು ಅದನ್ನು ತಯಾರಿಸಲು ಕಲಿತವು; ಬೆಂಗಳೂರು ಅದರ ಮುಖ್ಯ ಕೇಂದ್ರಗಳಲ್ಲೊಂದಾಯಿತು. ಆ ಉಡುಪಿನಲ್ಲಿ ಸೂಜಿ ಹಾದ ತೂತುಗಳ ಮೂಲಕ ರೋಗದ ಹನಿ ಒಳನುಗ್ಗದಂತೆ ಹೊಲಿಗೆಯ ಮೇಲೆ ಪಟ್ಟಿಯನ್ನು ಕಾಯಿಸಿ ಅಂಟಿಸಬೇಕಾಗಿತ್ತು. ಹೊಲಿಗೆಯ ಒಂದು ಗೆರೆಯ ಮೇಲೆ ಒಬ್ಬ ದಾದಿಯ ಪ್ರಾಣ ನಿಂತಿತ್ತೆಂದರೆ ಅದನ್ನು ಬೆಡಗೆಂದು ಯಾರು ಕರೆದಾರು?

ನಮ್ಮ ಮೈಯಳತೆಗಳ ವಿಷಯವನ್ನೇ ತೆಗೆದುಕೊಳ್ಳಿರಿ. ಅಂಗಡಿಯಲ್ಲಿ ಸಿಗುವ ಸಿದ್ಧ ಉಡುಪು ಭುಜಕ್ಕೆ ಸರಿಯಾದರೆ ಸೊಂಟಕ್ಕೆ ಸರಿಯಾಗದು, ಸೊಂಟಕ್ಕೆ ಸರಿಯಾದರೆ ತೋಳು ಉದ್ದವಾಗುವುದು. ಇದಕ್ಕೆ ಒಂದು ಕಾರಣವೆಂದರೆ, ಬಹುಕಾಲದಿಂದ ಅಮೆರಿಕೆಯ ಮತ್ತು ಇಂಗ್ಲೆಂಡಿನ ಜನರ ಅಳತೆಯ ಪಟ್ಟಿಗಳನ್ನೇ ನಾವು ಅಲ್ಪಸ್ವಲ್ಪ ತಿದ್ದಿ ಉಪಯೋಗಿಸುತ್ತ ಬಂದಿರುವುದು. ನಮ್ಮ ದೇಶದ ಜನರ ಅಳತೆಯನ್ನು ತಿಳಿಯುವುದಕ್ಕಾಗಿ ಆರು ನಗರಗಳಲ್ಲಿ 25,000 ಜನರ ಮೈಯನ್ನು ಮುಟ್ಟದೆ, ಬೆಳಕಿನ ಯಂತ್ರದಿಂದ ಅಳೆಯುವ ‘ಇಂಡಿಯಾ ಸೈಜ್’ ಎಂಬ ಯೋಜನೆಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯವರು, ಅಂದರೆ ನಿಫ್ಟ್‌ನವರು, ಕೈಗೊಂಡರು. ಹೆಣ್ಣಿನ ಉಡುಪು ಹೆಣ್ಣಿಗೆ ಹಿತವಾಗಿರಬೇಕಾದರೆ ಇಂಥ ಲೆಕ್ಕಗಳನ್ನು ಬರೆಯುವ ಮೇಜಿನ ಬಳಿ ಹೆಣ್ಣುಮಕ್ಕಳೂ ಕುಳಿತಿರಬೇಡವೇ?

ಇಷ್ಟು ಹೇಳಿದ ಮೇಲೆ, ಈ ವಿದ್ಯೆಯನ್ನು ಹೇಗೆ ಕಲಿಯಬೇಕೆಂಬ ವಿಷಯಕ್ಕೆ ಬರುತ್ತೇವೆ. ನಮ್ಮ ಶಾಲೆಯ ಹಿತೈಷಿಗಳಲ್ಲಿ ಕೆಲವರು, “ಕಾಲ ಬದಲಾಯಿಸಿತು, ಹೊಲಿಗೆಯ ಪಿರಿಯಡ್ಡನ್ನು ತೆಗೆದುಹಾಕಿ ಆ ವೇಳೆಯನ್ನೂ ಕಂಪ್ಯೂಟರಿಗೆ ಕೊಡಿ” ಎಂದು ಸದುದ್ದೇಶದಿಂದಲೇ ಸಲಹೆ ಮಾಡಿದ್ದಾರೆ. ನಾವು ಇದಕ್ಕೆ ಒಪ್ಪಲಾರೆವು. ಒಪ್ಪದಿರುವುದಕ್ಕೆ ಕಾರಣವನ್ನು ಹೇಳಲು ಆ ಹುಡುಗಿಯ ಸಂಗತಿಗೆ ಮತ್ತೆ ಬರಬೇಕಾಗುತ್ತದೆ.

ತಾಯಿ ಬಂದು ಹೋದ ಮೇಲೆ ನಾವು ಅವಳಿಗೆ ಶಾಲೆಯ ಗಣಕಯಂತ್ರದಲ್ಲಿ ಸೀಮ್ಲಿ ಎಂಬ ತಂತ್ರಾಂಶವನ್ನು ಹಾಕಿಸಿಕೊಟ್ಟೆವು. ಇದಕ್ಕೆ ಹಣ ಕೊಡಬೇಕಾದುದಿಲ್ಲ. ಇದರಲ್ಲಿ ನಮೂನೆಯ ಗೆರೆಗಳನ್ನು ಬೀಜಗಣಿತದ ಸೂತ್ರಗಳಾಗಿ ಬರೆಯಬಹುದು: ಎದೆಯ ಸುತ್ತಳತೆಯ ನಾಲ್ಕನೆಯ ಒಂದು ಭಾಗಕ್ಕೆ ಇಂತಿಷ್ಟು ಕೂಡಿಸು ಎಂದು ಬರೆದರೆ, ಅಳತೆಯನ್ನು ಬದಲಾಯಿಸಿದೊಡನೆ ನಮೂನೆಯೂ ತಾನಾಗಿ ಬದಲಾಗುತ್ತದೆ. ಅವಳು ಮೂರು ವಾರ ಸಂಜೆಯ ಹೊತ್ತು ಕುಳಿತು, ತನ್ನ ತಮ್ಮನಿಗೆ ಒಂದು ಶರ್ಟಿನ ನಮೂನೆಯನ್ನು ಬರೆದಳು. ಹಾಳೆಗಳಲ್ಲಿ ಅಚ್ಚು ಹಾಕಿಸಿ, ಅಂಟಿಸಿ, ಕತ್ತರಿಸಿ, ನಮ್ಮ ಹಳೆಯ ಕಾಲ್ತುಳಿತದ ಯಂತ್ರದಲ್ಲಿ ಹೊಲಿದಳು. ಶರ್ಟು ಚೆನ್ನಾಗಿಯೇ ಬಂದಿತ್ತು. ಆದರೆ ಕಾಲರಿನ ಎರಡು ತುದಿಗಳೂ ಮೇಲಕ್ಕೆ ಏಳುತ್ತಿದ್ದವು. ಇಸ್ತ್ರಿ ಹಾಕಿದರೂ ಕೂರಲಿಲ್ಲ. ಪರದೆಯ ಮೇಲೆ ಎಷ್ಟು ಸಲ ನೋಡಿದರೂ ತಪ್ಪು ಕಾಣಲಿಲ್ಲ. ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರಿಗೂ ತಟ್ಟನೆ ಹೊಳೆಯಲಿಲ್ಲ.

ತಿಂಗಳು ಕಳೆದು ತಾಯಿ ಉತ್ತರವನ್ನು ಕೇಳಲು ಬಂದಾಗ ಆ ಶರ್ಟು ನಮ್ಮ ಮೇಜಿನ ಮೇಲಿತ್ತು. ಆಕೆ ಅದನ್ನು ಎತ್ತಿಕೊಂಡು, ಕಾಲರನ್ನು ಎರಡು ಬೆರಳುಗಳ ನಡುವೆ ಹಿಡಿದು ಒಂದು ಸಲ ಮಡಿಸಿದರು. “ಮೇಲಿನ ಪಟ್ಟಿನೂ ಕೆಳಗಿನ ಪಟ್ಟಿನೂ ಒಂದೇ ಅಳತೆ ಕತ್ತರಿಸಿದ್ದಾಳೆ. ಮೇಲಿನದು ಒಂದು ನೂಲಿನಷ್ಟು ದೊಡ್ಡದಿರಬೇಕು ಮೇಡಂ. ಮಡಿಸಿದಾಗ ಮೇಲಿನದು ಸುತ್ತಿಕೊಂಡು ಬರಬೇಕಲ್ಲ, ಬಟ್ಟೆಯ ದಪ್ಪಕ್ಕೆ ಅದು ಸಾಲದು” ಎಂದರು. ಹುಡುಗಿ ಅಂದೇ ಸೂತ್ರದಲ್ಲಿ ಒಂದು ಅಂಕಿಯನ್ನು ಬದಲಾಯಿಸಿದಳು. ಎರಡನೆಯ ಶರ್ಟಿನ ಕಾಲರು ಮಟ್ಟಸವಾಗಿ ಕುಳಿತಿತು.

ಪೂರ್ತಿ ಶರ್ಟು ತನಗೆ ಬರುವುದಿಲ್ಲವೆಂದು ನಮ್ಮ ಮುಂದೆ ತಲೆ ತಗ್ಗಿಸಿದ ಆ ತಾಯಿಗೆ, ಪರದೆಯೂ ಹೇಳದ, ನಮಗೂ ತಿಳಿಯದ ಸಂಗತಿಯೊಂದು ತಿಳಿದಿತ್ತು. ಇದರಿಂದ ನಾವು ಎರಡು ಪಾಠಗಳನ್ನು ಕಲಿತೆವು. ಒಂದು: ಪರದೆಯು ತನಗೆ ಹೇಳಿದುದನ್ನು ಮಾತ್ರ ತೋರಿಸುತ್ತದೆ. ಹೊಲಿಯಲು ಸಾಧ್ಯವೇ ಇಲ್ಲದ ಉಡುಪನ್ನೂ ಅದು ಬಹು ಅಂದವಾಗಿ ತೋರಿಸೀತು. ಬಟ್ಟೆಯು ತೊಳೆದರೆ ಎಷ್ಟು ಕುಗ್ಗುವುದು, ಓರೆಯಾಗಿ ಕತ್ತರಿಸಿದರೆ ಹೇಗೆ ಜೋಲುವುದು, ನಾಲ್ಕು ಪದರ ಕೂಡಿದ ಕಡೆ ಸೂಜಿ ಹೇಗೆ ತಡೆಯುವುದು ಎಂಬುದನ್ನು ಕೈಯಿಂದ ಅರಿಯದವಳು, ಪರದೆ ಸುಳ್ಳು ಹೇಳಿದಾಗ ಅದನ್ನು ಹಿಡಿಯಲಾರಳು. ಆದಕಾರಣ ಹೊಲಿಗೆಯ ಪಿರಿಯಡ್ಡು ನಮ್ಮ ಶಾಲೆಯಲ್ಲಿ ಉಳಿಯತಕ್ಕದ್ದು. ಅದು ಗಣಕಯಂತ್ರದ ಪಾಠಕ್ಕೆ ಎದುರಾಳಿಯಲ್ಲ, ಅದರ ಮೊದಲನೆಯ ಅಧ್ಯಾಯ. ಎರಡು: ಈ ವಿದ್ಯೆಯನ್ನು ಕಲಿಯಹೋಗುವ ಹುಡುಗಿಯು, ಯಂತ್ರದ ಮುಂದೆ ಕುಳಿತು ಹೊಲಿಯುವ ಹೆಂಗಸನ್ನು ಕೇವಲ ಒಂದು ಜೊತೆ ಕೈಗಳೆಂದು ತಿಳಿಯಬಾರದು.

ಈ ಎರಡನೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಅಲ್ಲಿಂದಾಚೆ ದೊಡ್ಡಬಳ್ಳಾಪುರ, ರಾಮನಗರ, ಮಂಡ್ಯ ಮುಂತಾದ ಕಡೆಗಳಲ್ಲಿ ಹರಡಿರುವ ಉಡುಪು ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನರು ದುಡಿಯುತ್ತಾರೆ. ಹೊಲಿಯುವವರು ಬಹುಮಟ್ಟಿಗೆ ಹೆಂಗಸರು. ಅವರಿಗೆ ಪ್ರೊಡಕ್ಷನ್ ಗೊತ್ತುಮಾಡುವವರು ಬಹುಮಟ್ಟಿಗೆ ಗಂಡಸರು. ಉಡುಪು ತಯಾರಿಕೆಯ ಪದವಿಯಲ್ಲಿ ಕಲಿಸುವ ವಿಷಯಗಳಲ್ಲಿ ಕೆಲಸದ ಅಳತೆ ಎಂಬುದೊಂದುಂಟು. ಒಂದು ಕಾಲರನ್ನು ಕೂಡಿಸಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ಅಳೆದು, ದಣಿವಿಗೂ ತಡೆಗೂ ಇಷ್ಟೆಂದು ಸೇರಿಸಿ, ಒಂದು ನಿಗದಿತ ವೇಳೆಯನ್ನು ಬರೆಯುತ್ತಾರೆ. ಅದರ ಮೇಲೆ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ನಿಲ್ಲುತ್ತದೆ. ಈಗ ಅನೇಕ ಕಡೆ ಆ ಎಣಿಕೆಯನ್ನೂ ಗಣಕಯಂತ್ರವೇ ಕ್ಷಣಕ್ಷಣಕ್ಕೂ ಮಾಡಿ ಮೇಲಿನವರಿಗೆ ತೋರಿಸುತ್ತದೆ.

ಇಲ್ಲಿಯೂ ಒಂದು ಲೆಕ್ಕವಿದೆ. ಒಂದು ಕಾಲರಿಗೆ ನಿಜವಾಗಿ 75 ಸೆಕೆಂಡು ಬೇಕಾಗಿದ್ದರೆ ಗಂಟೆಗೆ 48 ಕಾಲರುಗಳಾಗುತ್ತವೆ. ಅಳೆದವನು ಅವಸರದಿಂದಲೋ ಧಣಿಯ ಮೆಚ್ಚುಗೆಗೋ 60 ಸೆಕೆಂಡೆಂದು ಬರೆದರೆ ಗಂಟೆಗೆ 60 ಆಗಬೇಕು. ಗಂಟೆಗೆ ಹನ್ನೆರಡು ಹೆಚ್ಚು. ಎಂಟು ಗಂಟೆಗಳಲ್ಲಿ 96. ಆ ತೊಂಬತ್ತಾರು ಕಾಲರುಗಳು ಎಲ್ಲಿಂದ ಬರಬೇಕು? ನೀರು ಕುಡಿಯದೆ, ಶೌಚಕ್ಕೆ ಏಳದೆ, ಊಟದ ವೇಳೆಯನ್ನು ಮೊಟಕುಮಾಡಿ, ಒಬ್ಬ ತಾಯಿಯ ಬೆನ್ನಿನಿಂದ ಬರಬೇಕು. ಪರದೆಯ ಮೇಲೆ ಅದು ಒಂದು ಅಂಕಿ ಮಾತ್ರ. ಆ ಅಂಕಿಯನ್ನು ಬರೆಯುವ ಸ್ಥಾನದಲ್ಲಿ, ತಾಯಿಯು ಸಂಜೆ ಬಸ್ಸಿಳಿದು ಬಂದು ಕೈ ಹಿಸುಕಿಕೊಳ್ಳುವುದನ್ನು ಕಂಡ ಮಗಳೊಬ್ಬಳು ಕುಳಿತಿದ್ದರೆ, 75ನ್ನು 60 ಎಂದು ಬರೆಯುವ ಮೊದಲು ಅವಳ ಕೈ ಒಂದು ಸಲವಾದರೂ ತಡೆಯದೆ? ನಾವು ಹುಡುಗಿಯನ್ನು ಕಳುಹಿಸಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ. ತಾಯಿ ಕೇಳಿದ ಪ್ರಶ್ನೆಗೆ ನಮ್ಮ ಉತ್ತರವೂ ಇದೇ: ಹೌದು, ಅವಳು ಅಲ್ಲಿಗೇ ಬರಬೇಕು, ಆದರೆ ಬೇರೆ ಬಾಗಿಲಿನಿಂದ ಬರಬೇಕು, ಮತ್ತು ನಿಮ್ಮನ್ನು ಮರೆಯದೆ ಬರಬೇಕು.

ಮರೆತರೆ ಏನಾಗುವುದೆಂಬುದಕ್ಕೆ ನಿದರ್ಶನಗಳಿವೆ. ಬಾಂಗ್ಲಾದೇಶದ ಢಾಕಾ ನಗರದ ಸಮೀಪದಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡದ ಗೋಡೆಗಳಲ್ಲಿ 2013ನೆಯ ಏಪ್ರಿಲ್ 23ರಂದು ಬಿರುಕುಗಳು ಕಂಡವು. ಅದೇ ಕಟ್ಟಡದಲ್ಲಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ಹೊರಗೆ ಕಳುಹಿಸಿದರು; ಉಡುಪು ಕಾರ್ಖಾನೆಗಳವರು ಮಾತ್ರ ಮರುದಿನ ಬೆಳಿಗ್ಗೆ ಕೆಲಸಗಾರರನ್ನು ಒಳಗೆ ಕರೆದರು. ಕಟ್ಟಡವು ಕುಸಿದು 1,100ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಬಿರುಕನ್ನು ಕಾಣುವ ಕಣ್ಣು ಅಲ್ಲಿ ಇರಲಿಲ್ಲವೆಂದಲ್ಲ. ಕಂಡ ಮೇಲೆ ನಿಲ್ಲಿಸಿರೆಂದು ಹೇಳಿ ನಡೆಸಬಲ್ಲ ದನಿ ಹೊಲಿಯುವವರ ಪಕ್ಷದಲ್ಲಿ ಇರಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ ತಿಂಗಳಲ್ಲಿ, ಭವಿಷ್ಯನಿಧಿಯ ಹಣವನ್ನು ಹಿಂದಕ್ಕೆ ತೆಗೆದುಕೊಳ್ಳುವ ನಿಯಮವನ್ನು ಬಿಗಿಮಾಡಿದಾಗ, ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿಯಬೇಕಾಯಿತು. ಸರ್ಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. ಒಳಗೆ ಕೇಳುವವರಿದ್ದರೆ ಜನರು ಬೀದಿಗೆ ಬರುವುದೇಕೆ?

ಯಂತ್ರಗಳು ಹೆಚ್ಚಾದರೆ ಕೆಲಸವೇ ಇಲ್ಲದಂತಾಗುವುದೆಂಬ ಭಯವೂ ಅನೇಕರಿಗಿದೆ. ಈ ಭಯವು ಕೇವಲ ಭ್ರಮೆಯೆಂದು ನಾವು ಹೇಳಲಾರೆವು. ಕತ್ತರಿಸುವ ಮನೆಯಲ್ಲಿ ಹಲವರು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಯಂತ್ರ ಮಾಡುತ್ತದೆ. ಆದರೆ ಹೊಲಿಗೆಯಲ್ಲಿ ಇನ್ನೂ ಹಾಗಾಗಿಲ್ಲ. ಕಬ್ಬಿಣದ ತಗಡು ಇಟ್ಟಲ್ಲಿ ಇರುತ್ತದೆ; ಬಟ್ಟೆ ಇರುವುದಿಲ್ಲ. ಅದು ಜಾರುತ್ತದೆ, ಮಡಿಯುತ್ತದೆ, ಎಳೆದರೆ ಹಿಗ್ಗುತ್ತದೆ. ಮನುಷ್ಯರ ಬೆರಳಿಗೆ ಸುಲಭವಾದ ಈ ಕೆಲಸ ಯಂತ್ರಕ್ಕೆ ಬಹು ಕಠಿನವಾಗಿದೆ. ಮುಂದೆ ಅದೂ ಸಾಧ್ಯವಾದೀತು. ಬದಲಾವಣೆ ಬಂದೇ ಬರುವುದಾದರೆ, ಅದರ ಸ್ವರೂಪವನ್ನು ಮೊದಲೇ ಬಲ್ಲ ಹೆಣ್ಣುಮಕ್ಕಳು ನಮ್ಮಲ್ಲಿರುವುದು ಲೇಸೇ ಹೊರತು, ಏನೂ ತಿಳಿಯದೆ ಗೇಟಿನ ಹೊರಗೆ ನಿಲ್ಲುವುದು ಲೇಸಲ್ಲ.

ಇನ್ನು ಓದುವ ಸ್ಥಳಗಳನ್ನು ಕುರಿತು ಎರಡು ಮಾತು. ನಿಫ್ಟ್ ಸಂಸ್ಥೆಯು 1986ರಲ್ಲಿ ದಿಲ್ಲಿಯಲ್ಲಿ ಸ್ಥಾಪಿತವಾಯಿತು. 2006ರ ಶಾಸನದಿಂದ ಪದವಿಯನ್ನು ಕೊಡುವ ಅಧಿಕಾರವನ್ನು ಪಡೆಯಿತು. ಬೆಂಗಳೂರಿನಲ್ಲಿ ಅದರ ಶಾಖೆಯಿದೆ. ಉಡುಪು ತಯಾರಿಕೆಯ ತಾಂತ್ರಿಕ ಪದವಿಗೆ ಅಲ್ಲಿ ನಾಲ್ಕು ವರ್ಷ. ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಪಿಯುಸಿಯಲ್ಲಿ ಗಣಿತವನ್ನು ಓದಿರಬೇಕು. ಗಣಿತವನ್ನು ಬಿಟ್ಟು ಆಮೇಲೆ ಪರಿತಪಿಸುವ ಹುಡುಗಿಯರು ಇದನ್ನು ಮೊದಲೇ ಗಮನಿಸತಕ್ಕದ್ದು. ಶುಲ್ಕವು ಲಕ್ಷಗಟ್ಟಲೆಯಾಗುತ್ತದೆಂಬುದನ್ನು ಮರೆಮಾಚುವುದಿಲ್ಲ. ಅದು ಎಟುಕದಿದ್ದರೆ ಬಾಗಿಲು ಮುಚ್ಚಿತೆಂದು ತಿಳಿಯಬೇಕಾದುದಿಲ್ಲ. ಬೆಂಗಳೂರಿನ ಸರ್ಕಾರಿ ಕೃಷ್ಣರಾಜೇಂದ್ರ ರಜತೋತ್ಸವ ತಾಂತ್ರಿಕ ಸಂಸ್ಥೆಯಲ್ಲಿಯೂ ದಾವಣಗೆರೆಯಲ್ಲಿಯೂ ಜವಳಿ ತಂತ್ರಜ್ಞಾನದ ಇಂಜಿನಿಯರಿಂಗ್ ಪಾಠಗಳು ನಡೆದುಬಂದಿವೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಜವಳಿ ಮತ್ತು ಉಡುಪಿನ ವಿಭಾಗವಿದೆ. ಹತ್ತನೆಯ ತರಗತಿಯ ನಂತರವೇ ಸೇರಬಹುದಾದ ಉಡುಪಿನ ಡಿಪ್ಲೊಮಾ ಪಾಠಗಳು ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಂಟು. ಎಲ್ಲಿ ಸೇರಿದರೂ, ಹೊಲಿಗೆಯ ಕೋಣೆ ಎಷ್ಟು ಹೊತ್ತು ತೆರೆದಿರುತ್ತದೆ, ವಿದ್ಯಾರ್ಥಿನಿಯರನ್ನು ಕಾರ್ಖಾನೆಗೆ ಎಷ್ಟು ದಿನ ಕಳುಹಿಸುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ತಾಯಿತಂದೆಗಳು ತಪ್ಪದೆ ಕೇಳಲಿ. ಹೊಳೆಯುವ ಪರದೆಗಳ ಸಾಲನ್ನು ಮಾತ್ರ ತೋರಿಸುವ ಕಾಲೇಜನ್ನು ನಂಬಬೇಡಿರಿ.

ಆ ತಾಯಿಗೆ ನಾವು ಇದನ್ನೆಲ್ಲ ನಿಧಾನವಾಗಿ ಹೇಳಿದೆವು. ಆ ದಿನ ಆಕೆ ಕುಳಿತುಕೊಂಡೇ ಕೇಳಿದರು. ಒಪ್ಪಿದೆನೆಂದು ಹೇಳಲಿಲ್ಲ. “ಮೊದಲು ಪಿಯುಸಿ ಮುಗಿಸಲಿ, ಗಣಿತ ತೆಗೆದುಕೊಳ್ಳಲಿ, ಆಮೇಲೆ ನೋಡೋಣ” ಎಂದರು. ನಮಗೆ ಅಷ್ಟು ಸಾಕು. ನಮ್ಮ ಕೈಯಲ್ಲಿರುವ ಕೆಲಸವನ್ನು ನಾವು ಮಾಡಿದ್ದೇವೆ: ಹೊಲಿಗೆಯ ಪಿರಿಯಡ್ಡನ್ನು ಉಳಿಸಿಕೊಂಡು, ವಾರದಲ್ಲಿ ಒಂದು ದಿನ ಒಂಬತ್ತನೆಯ ತರಗತಿಯವರಿಗೆ ಹೊಲಿಗೆಯ ಉಪಾಧ್ಯಾಯಿನಿಯವರೂ ಗಣಿತದ ಉಪಾಧ್ಯಾಯಿನಿಯವರೂ ಕೂಡಿ ನಮೂನೆಯ ಪಾಠವನ್ನು ಹೇಳುವಂತೆ ಏರ್ಪಡಿಸಿದ್ದೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗಾರ್ಮೆಂಟ್ಸಿನಲ್ಲಿ ದುಡಿಯುವವರು ಅನೇಕರಿದ್ದೀರಿ. ನಿಮಗೆ ರಜೆ ಸಿಕ್ಕ ಶನಿವಾರ ಶಾಲೆಗೆ ಬಂದು, ನೀವು ಬಲ್ಲ ಕಾಲರನ್ನೋ ತೋಳನ್ನೋ ಜೇಬನ್ನೋ ಈ ಹುಡುಗಿಯರಿಗೆ ಹೇಳಿಕೊಡಿರೆಂದು ಈ ಸಂಚಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ನಿಮಗಾಗಿ ಕುರ್ಚಿಯನ್ನು ಹಾಕಿಸಿರುತ್ತೇವೆ.